ಪೈಲ್ವಾನರು ನನ್ನ ಪಕ್ಕದಲ್ಲೇ ಕುಳಿತರು

ಗೋಕಾಕದ ಆಸ್ಪತ್ರೆಯೊಂದರಲ್ಲಿ ವೀರ್ಯ ಪರೀಕ್ಷೆಗೆಂದು ಕಾಯುತ್ತಿದ್ದ ನಾನು, ಬಾಗಿಲಲ್ಲಿ ನಮ್ಮ ಮೂಡಲಗಿಯ ಪೈಲ್ವಾನರನ್ನು ಕಂಡದ್ದೇ ಟವೆಲಿನಿಂದ ಮುಖ ಮುಚ್ಚಿಕೊಂಡೆ. ಊರಿಗೆಲ್ಲ ಗೊತ್ತಾಗುತ್ತದೆಂಬ ಭಯ. ಎದ್ದು ಹೋಗೋಣವೆಂದು ಹೆಂಡತಿಗೆ ಸನ್ನೆ ಮಾಡಿದೆ. ಮಕ್ಕಳಾಗಲಿಲ್ಲವೆಂದು ಇಷ್ಟು ವರ್ಷ ಅವ್ವನ ಮತ್ತು ಮಂದಿಯ ಮಾತನ್ನೆಲ್ಲ ಒಬ್ಬಳೇ ಕೇಳಿದ್ದ ಅವಳು ತಲೆ ತಗ್ಗಿಸಿ ಕುಳಿತೇ ಇದ್ದಳು.

ಅಷ್ಟರಲ್ಲಿ ಪೈಲ್ವಾನರು ತಮ್ಮ ಹೆಂಡತಿಯೊಂದಿಗೆ ಬಂದು ನನ್ನ ಪಕ್ಕದಲ್ಲೇ ಕುಳಿತರು. ಗುರುತು ಹಿಡಿದು, ಹೆಗಲ ಮೇಲೆ ಕೈಯಿಟ್ಟು, "ಮಾರಿ ಯಾಕ ಮುಚ್ಕೊಂಡೀಯೋ ತಮ್ಮಾ? ನಾನೂ ಅದ ತಪಾಸಣಿಗೇ ಬಂದೇನಿ" ಎಂದರು ಮೆಲ್ಲಗೆ.

"ನೀವೂನಾ ಅಣ್ಣಾರ?" ಎಂದು ಕೇಳಿದೆ.

"ಮೈಯಾಗ ಎಷ್ಟ ತಾಕತ್ತಿದ್ರೂ ಇದರಾಗ ಕೊರತಿ ಇರಬಹುದಂತ, ಡಾಕ್ಟರ್ ಹೇಳ್ಯಾರ. ಅದರಿಂದ ಗಂಡಸ್ತನ ಏನ ಹೋಗಂಗಿಲ್ಲ. ಇಷ್ಟ ದಿನಾ ಇಕಿ ಒಬ್ಬಾಕಿನ ಸೂಜಿ ಚುಚ್ಚಿಸ್ಕೊಂಡಾಳ" ಎನ್ನುತ್ತಾ ಹೆಂಡತಿಯತ್ತ ನೋಡಿದರು. ಪೈಲ್ವಾನರ ಕಣ್ಣುಗಳು ತುಂಬಿದ್ದವು.

ನನ್ನ ಹೆಸರು ಕರೆದಾಗ ಟವೆಲನ್ನು ಹೆಂಡತಿಯ ಕೈಗೆ ಕೊಟ್ಟು ಒಳಗೆ ಹೋದೆ.

ಕೊರತೆ ನನ್ನಲ್ಲೇ ಇದೆ, ಚಿಕಿತ್ಸೆಯಿಂದ ಸುಧಾರಿಸಬಹುದು ಎಂದು ಆಮೇಲೆ ವೈದ್ಯರು ಹೇಳಿದರು. ಅದನ್ನು ಅವ್ವನಿಗೆ ನಾನೇ ತಿಳಿಸಿದೆ. ಅವ್ವ ಸೊಸೆಯನ್ನು ಹತ್ತಿರ ಕೂರಿಸಿಕೊಂಡು ತಲೆ ಸವರಿದಳು. ಔಷಧ ಇನ್ನೂ ನಡೆದಿದೆ. ಈಗ ನಾವಿಬ್ಬರೂ ಗೋಕಾಕಕ್ಕೆ ಹೊರಡುವ ದಿನ ಅವ್ವನೇ ಎದ್ದು ರೊಟ್ಟಿ ಬಡಿದು ಬುತ್ತಿ ಕಟ್ಟಿಕೊಡುತ್ತಾಳೆ.