ಕ್ಲಚ್ ಮೇಷ್ಟ್ರು ಕಾರಿನಿಂದ ಇಳಿದು ನಡೆದದ್ದು

ಕ್ಲಚ್ ಮೇಷ್ಟ್ರು ನಲವತ್ತೆರಡು ಕಿಲೋಮೀಟರ್ ನಡೆಯುತ್ತಾರಂತೆ ಎಂಬ ಸುದ್ದಿ ಕೇಳಿ ಡ್ರೈವಿಂಗ್ ಸ್ಕೂಲಿನಲ್ಲಿ ನಗದವರೇ ಇಲ್ಲ. ನಗದೆ ಇನ್ನೇನು ಮಾಡುತ್ತಾರೆ ಹೇಳಿ! ಎದುರಂಗಡಿಯಿಂದ ಹಾಲು ತರುವುದಕ್ಕೂ ಕಾರು ತೆಗೆಯುವ ಮನುಷ್ಯ ಅವರು. ಹೊಟ್ಟೆ ಡ್ಯಾಶ್‌ಬೋರ್ಡಿಗೆ ತಾಗುತ್ತದೆಂದು ಸೀಟನ್ನು ಹಿಂದಕ್ಕೆ ತಳ್ಳಿ ತಳ್ಳಿ, ಈಗ ಹಿಂದೆ ಕೂರುವವರು ಮಂಡಿಯನ್ನು ಗಲ್ಲಕ್ಕೆ ಆನಿಸಿಕೊಂಡೇ ಕೂರಬೇಕು.

ಇಪ್ಪತ್ತು ವರ್ಷದಿಂದ ಮೇಷ್ಟ್ರ ಜಾಗ ಡ್ರೈವರ್ ಪಕ್ಕದ ಸೀಟು. ಕಲಿಯುವವರ ಕಾಲಡಿ ಇರುವಂಥದೇ ಒಂದು ಕ್ಲಚ್ಚು, ಒಂದು ಬ್ರೇಕು ಅವರ ಕಾಲಡಿಯೂ ಇವೆ. ಕಲಿಯುವವರು ತಪ್ಪಿದರೆ ಇವರು ಒತ್ತುತ್ತಾರೆ. ಮುಖ ನೋಡಿ ಮನುಷ್ಯರನ್ನು ಅಳೆಯುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಮೇಷ್ಟ್ರು ಅಳೆಯುವುದು ಪಾದ ನೋಡಿ. "ಇದು ಹೆದರೋ ಕಾಲು. ಇದು ದುಡುಕೋ ಕಾಲು. ಇದು ಸೋಮಾರಿ ಕಾಲು, ಇದಕ್ಕೆ ನಾನು ಬೈದೇ ಕಲಿಸ್ಬೇಕು" ಎಂದು ಮೊದಲ ಕ್ಲಾಸಿನಲ್ಲೇ ತೀರ್ಪು ಕೊಟ್ಟುಬಿಡುತ್ತಿದ್ದರು. ಆಮೇಲೆ ದಿನವಿಡೀ ಒಂದೇ ರಾಗ: "ಕಾಲೆತ್ತು! ನಿಧಾನಕ್ಕೆ ಕಾಲೆತ್ತು!"

ಇಂಥವರು ನಡೆಯಲು ಹೊರಟಿದ್ದು ಅಕ್ಕನಿಗಾಗಿ. ಅಕ್ಕನಿಗೆ ಸ್ನಾಯು ಕರಗುವ ಕಾಯಿಲೆ, ಅದಕ್ಕೆ ಇನ್ನೂ ಮದ್ದಿಲ್ಲ. ಮದ್ದು ಹುಡುಕುವ ಸಂಶೋಧನೆಗೆ ಹಣ ಕೂಡಿಸಲು ಆಸ್ಪತ್ರೆಯವರು ಈ ಮ್ಯಾರಥಾನ್ ಇಟ್ಟಿದ್ದರು. ಓಡಬೇಕಿಲ್ಲ, ನಡೆದರಾಯಿತು, ಆದರೆ ಹೊತ್ತು ಮುಳುಗುವುದರೊಳಗೆ ಪೂರ್ತಿ ನಡೆದಿರಬೇಕು. ಮೇಷ್ಟ್ರ ಹತ್ತಿರ ಕಲಿತವರೆಲ್ಲ, ಅವರು ಪೂರ್ತಿ ನಡೆದರೆ, ಅವರ ಹೆಸರಿನಲ್ಲಿ ತಮ್ಮ ಕೈಲಾದಷ್ಟು ಕೊಡಲು ಒಪ್ಪಿದ್ದರು, ಕೆಲವರು "ದುಡ್ಡು ಉಳೀತು ಬಿಡಿ, ಮೇಷ್ಟ್ರು ಮೊದಲನೇ ತಿರುವಲ್ಲೇ ಆಫ್ ಆಗ್ತಾರೆ" ಎಂಬ ಧೈರ್ಯದ ಮೇಲೆ.

ಅಕ್ಕ ಎಂದರೆ ಮೇಷ್ಟ್ರ ಪಾಲಿಗೆ ಮುಕ್ಕಾಲು ಅಮ್ಮ. ಅಮ್ಮ ತೀರಿಕೊಂಡಾಗ ಇವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಊರವರ ಬಟ್ಟೆ ಹೊಲಿದು ಓದಿಸಿದವಳು. ಆನೆಯಂಥ ಈ ಆಸಾಮಿಯನ್ನು ಈಗಲೂ ಕರೆಯುವುದು "ಪುಟ್ಟಾ" ಎಂದು.

"ತಮ್ಮ ಅಂದ್ರೆ ಹೀಗಿರ್ಬೇಕು!" ಎಂದು ಜನ ಬೆನ್ನು ತಟ್ಟುತ್ತಿದ್ದರು. ತಟ್ಟಿದಾಗಲೆಲ್ಲ ಮೇಷ್ಟ್ರು ಭೂಮಿ ಬಾಯಿಬಿಡಬಾರದೇ ಎಂದುಕೊಳ್ಳುತ್ತಿದ್ದರು. ಏಕೆಂದರೆ ನಡೆದ ಸಂಗತಿ ಬೇರೆಯೇ ಇತ್ತು.

ಎರಡು ವರ್ಷದ ಹಿಂದೆ ಅಕ್ಕ ತಾನಾಗಿ ಬಂದು "ನಂಗೂ ಕಾರು ಕಲಿಸೋ, ನಾನೂ ಒಂದು ರೌಂಡ್ ಹೊಡೀತೀನಿ" ಎಂದಿದ್ದಳು. ಮೇಷ್ಟ್ರಿಗೆ ಖುಷಿಯೋ ಖುಷಿ. ಸ್ಕೂಲಿನ ಪದ್ಧತಿಯಂತೆ ತಮ್ಮ ಸರದಿಗೆ ಕಾಯುವವರು ಹಿಂದಿನ ಸೀಟಿನಲ್ಲಿ ಕೂತಿದ್ದರು. ಅಕ್ಕ ಕ್ಲಚ್ ಒತ್ತಿದಳು, ಗೇರ್ ಹಾಕಿದಳು, ಆದರೆ ಎಡಗಾಲು ಮಾತ್ರ ಮೇಲೇಳದು. ಎದ್ದರೆ ಒಮ್ಮೆಲೇ ಜಾರಿ ಕಾರು ಕಪ್ಪೆಯಂತೆ ಹಾರಿ ಆಫ್. ಮತ್ತೆ ಹಾಗೇ, ಮತ್ತೂ ಹಾಗೇ.

"ಕಾಲೆತ್ತು ಅಕ್ಕಾ! ಅದೇನು ಕಾಲೋ ಒನಕೆಯೋ? ನನ್ನ ಸರ್ವಿಸ್ಸಲ್ಲೇ ಇಂಥ ಸೋಮಾರಿ ಕಾಲು ನೋಡಿಲ್ಲ!"

ಹಿಂದಿನ ಸೀಟು ಘೊಳ್ಳೆಂದಿತು. ಮೇಷ್ಟ್ರೂ ನಕ್ಕರು. ತಮ್ಮ ಮಾತಿಗೆ ಜನ ನಕ್ಕರೆ ಯಾರಿಗೆ ಹಿತವಾಗುವುದಿಲ್ಲ? ಅಕ್ಕ ಮರುದಿನದಿಂದ ಬರಲಿಲ್ಲ. ಅದೇ ಸುಮಾರಿಗೆ, ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿಕೊಂಡಳು. ಮೇಷ್ಟ್ರು ಅದಕ್ಕೂ "ಓಹೋ, ಫ್ಯಾಕ್ಟರಿ ಓನರ್ರು!" ಎಂದು ಕಾಲೆಳೆದರು.

ವರ್ಷ ಕಳೆದು ಅಕ್ಕ ಮೆಟ್ಟಿಲ ಮೇಲೆ ಬಿದ್ದಳು, ಆಸ್ಪತ್ರೆಗೆ ಓಡಿದ್ದಾಯಿತು. ಡಾಕ್ಟರು ಕೇಳಿದರು: "ಈ ಎಡಗಾಲು ಎತ್ತೋಕೆ ಕಷ್ಟ ಅಂತ ಮೊದಲು ಯಾವಾಗ ಗೊತ್ತಾಯ್ತು?"

ಅಕ್ಕ ತಮ್ಮನ ಮುಖ ನೋಡಿದಳು. ಮೇಷ್ಟ್ರು ಗೋಡೆಯ ಮೇಲಿನ ಫ್ಯಾನಿನ ಸ್ವಿಚ್ಚು ನೋಡಿದರು.

"ಇತ್ತೀಚೆಗೆ ಡಾಕ್ಟ್ರೇ" ಎಂದಳು ಅಕ್ಕ.

ಮೊದಲೇ ಬಂದಿದ್ದರೂ ಕೊಡಲು ಮದ್ದಿರಲಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು, ನಿಜ. ಆದರೂ ಊರವರ ಪಾದವೆಲ್ಲ ಓದಿ ಬಿಸಾಕಿದ ತಾನು, ಸ್ವಂತ ಅಕ್ಕನ ಪಾದದ ಮುಂದೆ ಹೆಬ್ಬೆಟ್ಟಾದೆನಲ್ಲ! ಅದೂ ಹೋಗಲಿ, ಕೇಳಿದಾಗ ಬಾಯಿಬಿಟ್ಟು ಹೇಳಲಿಲ್ಲವಲ್ಲ! ಕೊನೆಗೆ ಒಂದು ಹಟ ತೊಟ್ಟರು: ಈ ಮ್ಯಾರಥಾನ್ ಮುಗಿಸುತ್ತೇನೆ, ಮುಗಿಸಿ ಅಕ್ಕನಿಗೆ ಎಲ್ಲ ಹೇಳುತ್ತೇನೆ. ಅರ್ಧಕ್ಕೆ ನಿಂತರೆ ಯಾವ ಮುಖ ಇಟ್ಟುಕೊಂಡು ಹೇಳಲಿ?

ಆ ದಿನ ಮೇಷ್ಟ್ರು ಮುಂದೆ, ಸ್ಕೂಲಿನ ಕಾರು ಹಿಂದೆ. ಓಡಿಸುತ್ತಿದ್ದದ್ದು ಮೇಷ್ಟ್ರ ಹೆಂಡತಿ. ಸ್ಕೂಲಿನಲ್ಲಿ ಅವರೂ ಕಲಿಸುತ್ತಾರೆ. ಪಕ್ಕದ ಮೇಷ್ಟ್ರ ಸೀಟಿನಲ್ಲಿ ಅಕ್ಕ ಠೀವಿಯಿಂದ ಕೂತಿದ್ದಳು. ಬೆಳಿಗ್ಗೆ ಮೇಷ್ಟ್ರ ಗತ್ತೇ ಗತ್ತು. ಕೈ ಬೀಸಿದ್ದೇನು, ತಿರುವಿನಲ್ಲಿ ಅಭ್ಯಾಸಬಲದಿಂದ ಕೈ ಚಾಚಿ ಸಿಗ್ನಲ್ ಕೊಟ್ಟಿದ್ದೇನು! ಮಧ್ಯಾಹ್ನದ ಹೊತ್ತಿಗೆ ಗತ್ತು ಇಳಿದು ಬೆವರಾಯಿತು. ಹಿಮ್ಮಡಿಯ ಬೊಬ್ಬೆ ಒಡೆಯಿತು, ತೊಡೆ ಉಜ್ಜಿ ಉರಿ ಎದ್ದಿತು. ಸೇತುವೆಯ ಏರು ಬರುವಾಗ ಪಾದ ನೆಲಕ್ಕೆ ಅಂಟಿಕೊಂಡಂತಾಯಿತು. ಜೊತೆಯವರೆಲ್ಲ ಕಣ್ಮರೆಯಾಗಿದ್ದರು.

ಆಗ ಹಿಂದಿದ್ದ ಕಾರಿನ ಕಿಟಕಿಯಿಂದ ಕೂಗು ಬಂತು: "ಪುಟ್ಟಾ, ಕಾಲೆತ್ತೋ! ಅದೇನು ಕಾಲೋ ಒನಕೆಯೋ?"

ಅಕ್ಕ ನಗುತ್ತಲೇ ಕೂಗಿದ್ದು. ಆದರೆ ಮೇಷ್ಟ್ರು ನಿಂತಲ್ಲೇ ನಿಂತರು. ಕಾರೂ ನಿಂತಿತು. ಅವರು ಕುಂಟುತ್ತ ಬಂದು ಕಿಟಕಿಯ ಅಂಚು ಹಿಡಿದುಕೊಂಡರು. ಮುಗಿಸಿದ ಮೇಲೆ ಹೇಳಬೇಕೆಂದಿದ್ದ ಮಾತು ಅಲ್ಲೇ ಕಟ್ಟೆಯೊಡೆಯಿತು.

"ಅಕ್ಕಾ, ಡಾಕ್ಟ್ರು ಕೇಳಿದಾಗ ನಂಗೆ ಗೊತ್ತಿತ್ತು. ಆ ಕ್ಲಾಸಲ್ಲೇ ನಿನ್ನ ಕಾಲು ಏಳ್ತಿರ್ಲಿಲ್ಲ. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ."

"ನಂಗೂ ಗೊತ್ತಿತ್ತಲ್ಲೋ" ಎಂದಳು ಅಕ್ಕ. ನಗು ಹೋಗಿತ್ತು. "ನಾನ್ಯಾಕೆ ಹೇಳ್ಲಿಲ್ಲ ಅಂದ್ಕೊಂಡೆ? ನೀನು ಹೇಳ್ತೀಯೇನೋ ಅಂತ ಕಾದೆ. ಇಲ್ಲೀತನಕ ಕಾದೆ."

ಮೇಷ್ಟ್ರ ಹೆಂಡತಿ ಎಂಜಿನ್ ಆಫ್ ಮಾಡಿದರು.

"ತಪ್ಪಾಯ್ತು ಅಕ್ಕಾ."

"ಬೈದಿದ್ದು ಬಿಡು. ಕಾಯಿಲೆ ಅಂತ ಇಬ್ಬರಿಗೂ ಗೊತ್ತಿರ್ಲಿಲ್ಲ. ಆದ್ರೆ ಹಿಂದಿನ ಸೀಟಿನವರು ನಕ್ಕಾಗ ನೀನೂ ನಕ್ಕೆ ನೋಡು, ಅದು ಇನ್ನೂ ಚುಚ್ಚತ್ತೆ. ನೀನು ಎಷ್ಟು ದೂರ ನಡೆದ್ರೂ ಅದು ಹೋಗಲ್ಲ, ಸುಳ್ಳು ಯಾಕೆ ಹೇಳ್ಲಿ?" ಅಕ್ಕ ನೀರಿನ ಬಾಟಲಿ ಕೈಗಿಟ್ಟಳು. "ಆದ್ರೂ ನಡಿ. ನಾಳೆ ಇನ್ಯಾರದೋ ಕಾಲಿಗೆ ಮದ್ದು ಬೇಕಲ್ಲ."

ಮೇಷ್ಟ್ರು ನಡೆದರು. ಅತ್ತುಕೊಂಡು ನಡೆದರೋ ಬೆವರಿ ನಡೆದರೋ, ಮುಖ ಮಾತ್ರ ಒದ್ದೆಯಾಗಿತ್ತು. ಮೈದಾನ ತಲುಪಿದಾಗ ಕೆಂಪು ಸೂರ್ಯ ಇನ್ನೇನು ಗೋಡೆ ದಾಟುವುದರಲ್ಲಿದ್ದ. ಶಾಮಿಯಾನದವನು ಕುರ್ಚಿ ಮಡಚುವುದು ನಿಲ್ಲಿಸಿ ಚಪ್ಪಾಳೆ ಹೊಡೆದ. ಯಾರೋ ಕೊರಳಿಗೆ ಪದಕ ಹಾಕಿದರು. ಮೇಷ್ಟ್ರಿಗೆ ಅದು ಬೇರೆಯವರದನ್ನು ಕದ್ದು ಹಾಕಿಕೊಂಡಂತೆನಿಸಿತು.

"ಮನೆಗೆ ಹೋಗೋಣ ಅಕ್ಕಾ."

"ಆಗಲ್ಲ. ನನ್ನ ಕ್ಲಾಸು ಅರ್ಧಕ್ಕೇ ನಿಂತಿದೆ. ಮೈದಾನ ಖಾಲಿ ಇದೆ, ಆ ಕಡೆ ಕೂರಿಸು ನನ್ನ."

"ಕಾಲು..."

"ನನ್ನ ಕೈ ಗಟ್ಟಿ ಇದೆ. ಕಾಲು ನಿಂದು. ನಿನ್ನ ಕಡೆನೂ ಕ್ಲಚ್ ಇದೆಯಲ್ಲ, ಅದೇನು ಶೋಕಿಗಿಟ್ಟಿದ್ದೀಯಾ?"

ಗಂಡ ಹೆಂಡತಿ ಸೇರಿ ಅಕ್ಕನನ್ನು ಎತ್ತಿ ಸ್ಟೇರಿಂಗ್ ಮುಂದೆ ಕೂರಿಸಿದರು. ಹೆಂಡತಿ ಹಿಂದಿನ ಸೀಟಿಗೆ ಹೋದರು. "ಹಿಂದಿನವರು ನಗೋ ಹಾಗಿಲ್ಲ" ಎಂದಳು ಅಕ್ಕ, ಕನ್ನಡಿಯಲ್ಲಿ ನೋಡಿ.

"ನಾನು ಉಸಿರೂ ಬಿಡಲ್ಲ ಅಕ್ಕಾ" ಎಂದರು ಅವರು.

ಮೇಷ್ಟ್ರು ಬೂಟು ಬಿಚ್ಚಿ, ಬೊಬ್ಬೆಯೆದ್ದ ಪಾದದಿಂದ ತಮ್ಮ ಕಡೆಯ ಕ್ಲಚ್ ಒತ್ತಿದರು. ಅಕ್ಕ ಕೀ ತಿರುಗಿಸಿದಳು, ಗೇರ್ ಹಾಕಿದಳು. ಸಮತಟ್ಟು ನೆಲ, ಆಕ್ಸಿಲರೇಟರ್ ಬೇಕಿಲ್ಲ. ಕ್ಲಚ್ಚನ್ನು ಮೆಲ್ಲಗೆ ಬಿಟ್ಟರೆ ಕಾರು ತಾನೇ ತೆವಳುತ್ತದೆ. ಇಷ್ಟು ವರ್ಷ ಇದನ್ನೇ ಕಲಿಸಿದ ಕಾಲು ಅದು.

"ಕಾಲೆತ್ತು, ನಿಧಾನಕ್ಕೆ" ಎಂದಳು ಅಕ್ಕ.

ಮೇಷ್ಟ್ರ ಮೀನಖಂಡ ಹಿಡಿದುಕೊಂಡಿತು. ಪಾದ ಏಳಲಿಲ್ಲ. ಎದ್ದಾಗ ಒಮ್ಮೆಲೇ ಜಾರಿತು. ಕಾರು ಕಪ್ಪೆಯಂತೆ ಹಾರಿ ಆಫ್ ಆಯಿತು.

ಹಿಂದಿನ ಸೀಟಿನಲ್ಲಿ ಸದ್ದಿಲ್ಲ. ಮೇಷ್ಟ್ರು ತಲೆ ತಗ್ಗಿಸಿ ಬೈಗುಳಕ್ಕೆ ಕಾದರು. ಅಕ್ಕ ಬಗ್ಗಿ ತಮ್ಮನ ಪಾದ ನೋಡಿದಳು.

"ಏನಾಯ್ತು ಪುಟ್ಟಾ, ಕಾಲು ನೋಯ್ತಿದೆಯಾ?"

ಅಷ್ಟೇ. ಎರಡು ವರ್ಷದ ಹಿಂದೆ ಇದೇ ಕಾರಿನಲ್ಲಿ ತಾವು ಕೇಳಬೇಕಾಗಿದ್ದದ್ದು ಇಷ್ಟೇ ಇತ್ತು. ಮೇಷ್ಟ್ರು ಹೌದೆಂದು ತಲೆಯಾಡಿಸಿದರು.

"ಸ್ವಲ್ಪ ನೀವಿಕೋ. ಅವಸರ ಇಲ್ಲ" ಎಂದಳು ಅಕ್ಕ, ಎರಡೂ ಕೈ ಸ್ಟೇರಿಂಗ್ ಮೇಲಿಟ್ಟುಕೊಂಡು. "ಆಮೇಲೆ ಮತ್ತೆ ಸ್ಟಾರ್ಟ್ ಮಾಡೋಣ."