ನಾಲ್ಕೂಕಾಲು ಗಂಟೆಯ ವಿಶೇಷ ತರಗತಿ

ಸೆಪ್ಟೆಂಬರ್ 18, ಬೆಳಿಗ್ಗೆ 10.50. ಚಿಕ್ಕಬಳ್ಳಾಪುರದ ಹೊರಗಿರುವ ನಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲ ವರ್ಷದವರ ನೋಟಿಸ್ ಬೋರ್ಡಿಗೆ ಎರಡು ಪಟ್ಟಿ ಅಂಟಿಸಿದರು. ಒಂದು ವೇಗವಾಗಿ ಕಲಿಯುವವರದು, ಇನ್ನೊಂದು ನಿಧಾನವಾಗಿ ಕಲಿಯುವವರದು. ಕಾಲೇಜು ಶುರುವಾಗಿ ಹದಿನಾರು ದಿನವಾಗಿತ್ತು. ಪಾಠ ನಡೆದದ್ದು ಒಂಬತ್ತು ದಿನ, ಪರೀಕ್ಷೆ ನಡೆದದ್ದು ಸೊನ್ನೆ. ಅಷ್ಟರಲ್ಲೇ ನೂರಿಪ್ಪತ್ತು ಜನರ ತಲೆಯ ವೇಗವನ್ನು ಅಳೆದು ಮುಗಿಸಿದ್ದರು. ಅಷ್ಟು ಚುರುಕಾದ ಕೆಲಸವನ್ನು ಆ ಕಟ್ಟಡದಲ್ಲಿ ನಾನು ಮತ್ತೆ ನೋಡಲಿಲ್ಲ.

ನಿಧಾನದವರ ಪಟ್ಟಿಯಲ್ಲಿ ಇಪ್ಪತ್ತೇಳು ಜನರಿದ್ದರು. ದಿನಾಂಕ, ಗಂಟೆ, ಲೆಕ್ಕ ಬರೆದಿಡುವುದು ನನಗೆ ಹೈಸ್ಕೂಲಿನಿಂದ ಅಂಟಿಕೊಂಡ ಚಟ. ಪಟ್ಟಿಯನ್ನು ನನ್ನ ಪುಸ್ತಕಕ್ಕೆ ಇಳಿಸಿಕೊಂಡು, ಒಬ್ಬೊಬ್ಬರ ಪಕ್ಕ ಅವರು ಹತ್ತನೇ ಕ್ಲಾಸು ಓದಿದ ಶಾಲೆ ಬರೆದೆ. ಇಪ್ಪತ್ಮೂರು ಜನ ಕನ್ನಡ ಮಾಧ್ಯಮ, ಇಬ್ಬರು ಉರ್ದು ಶಾಲೆಯವರು, ಇಬ್ಬರು ಮೊದಲ ವಾರ ಜ್ವರದಿಂದ ಮಲಗಿದ್ದವರು. ಮೊದಲ ದಿನ ಎದ್ದು ನಿಂತು ಇಂಗ್ಲಿಷಿನಲ್ಲಿ ತಮ್ಮ ಪರಿಚಯ ಹೇಳುವಾಗ ಯಾರು ತಡವರಿಸಿದರೋ, ಯಾರು ಬಂದೇ ಇರಲಿಲ್ಲವೋ ಅವರ ಹೆಸರಿನ ಮುಂದೆ ಗಣಿತದ ಲೆಕ್ಚರರು ಪೆನ್ಸಿಲಿನಿಂದ ಚುಕ್ಕೆ ಇಟ್ಟಿದ್ದರು. ಆ ಚುಕ್ಕೆಗಳೇ ಪಟ್ಟಿಯಾಗಿ ಬಂದಿದ್ದವು.

ನನ್ನ ಬೆಂಚಿನವಳು ಅದರಲ್ಲಿ ಹನ್ನೊಂದನೆಯವಳು. ಕೆಂಚಾರ್ಲಹಳ್ಳಿಯವಳು, ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಪಿಯುಸಿ ಗಣಿತದಲ್ಲಿ ಅವಳಿಗೆ 81, ನನಗೆ 74. ನಾನು ಗೌರಿಬಿದನೂರಿನ ಇಂಗ್ಲಿಷ್ ಶಾಲೆಯವಳು, ಆದ್ದರಿಂದ ವೇಗದವಳು.

“ನಾನ್ ಯಾವ್ದ್ರಲ್ಲಿ ನಿಧಾನ ಅಂತೆ ಕಣೇ?” ಎಂದು ಬೋರ್ಡಿನ ಮುಂದೆ ಅವಳು ಕೇಳಿದಳು. “ನಡಿಯೋದ್ರಲ್ಲಾ, ತಿನ್ನೋದ್ರಲ್ಲಾ?”

“ಇಂಗ್ಲಿಷ್ ಮಾತಾಡೋದ್ರಲ್ಲಿ.”

“ಅದಕ್ಯಾಕೆ ಗಣಿತದ ಕ್ಲಾಸ್ ಇಟ್ಟವ್ರೆ?”

ಪಟ್ಟಿಯ ಕೆಳಗೆ ಬರೆದದ್ದು ಹೀಗೆ: ಮಂಗಳವಾರ ಮತ್ತು ಗುರುವಾರ ಸಂಜೆ ನಾಲ್ಕೂಕಾಲರಿಂದ ಐದೂಕಾಲರವರೆಗೆ, ಮೂಲೆಯ ಕೋಣೆಯಲ್ಲಿ, ನಿಧಾನದವರಿಗೆ ಗಣಿತದ ವಿಶೇಷ ತರಗತಿ. ಕಾಲೇಜಿನ ಗೇಟಿನಿಂದ ಚಿಂತಾಮಣಿ ಕಡೆಯ ಬಸ್ಸು ಹೊರಡುವುದು ನಾಲ್ಕೂ ಇಪ್ಪತ್ತೈದಕ್ಕೆ. ಅದು ಶಿಡ್ಲಘಟ್ಟ ದಾಟಿ ಚಿಂತಾಮಣಿ ಸೇರುವ ಹೊತ್ತಿಗೆ ಕೆಂಚಾರ್ಲಹಳ್ಳಿಯ ಕೊನೆಯ ಬಸ್ಸು ಅಲ್ಲಿ ನಿಂತಿರುತ್ತದೆ. ಮುಂದಿನ ಬಸ್ಸಿಗೆ ಹೋದರೆ ಅದು ನಿಂತಿರುವುದಿಲ್ಲ.

ಮರುದಿನವೇ ನಾವಿಬ್ಬರೂ ವಿಭಾಗದ ಮುಖ್ಯಸ್ಥರ ಹತ್ತಿರ ಹೋದೆವು. ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣದ ಬಗ್ಗೆ ಅವರು ಎರಡು ದಿನದ ಕಾರ್ಯಾಗಾರ ಮುಗಿಸಿಕೊಂಡು ಬಂದಿದ್ದರು. ಅಲ್ಲಿ ಕೊಟ್ಟ ಬಟ್ಟೆಯ ಚೀಲ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು.

“ಬಸ್ ಬಿಟ್ರೆ ಮನೆಗೆ ಹೋಗಕ್ಕಾಗಲ್ಲ ಸಾರ್,” ಎಂದಳು ಇವಳು.

“ನೋಡಮ್ಮ, ನಿಮಗೋಸ್ಕರ ಮೇಷ್ಟ್ರು ಒಂದ್ ಗಂಟೆ ಜಾಸ್ತಿ ಇರ್ತಾರೆ. ನಿಮಗೆ ಬಸ್ಸಿನ ಚಿಂತೆ. ಹಾಸ್ಟೆಲ್ ಸೇರ್ಕೋ.”

“ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತಲ್ಲಿ ಮನೇಲಿ ಕೈ ಬೇಕು ಸಾರ್. ವಾರಕ್ಕೆ ಮೂರ್ ಸಲ ಲೈಬ್ರರಿ ಪೀರಿಯಡ್ ಖಾಲಿ ಇರುತ್ತಲ್ಲ, ಆವಾಗ ಇಡಿ ಸಾರ್.”

“ಲೈಬ್ರರಿ ಪೀರಿಯಡ್ ಲೈಬ್ರರಿಗೆ ಅಮ್ಮ,” ಎಂದರು ಮುಖ್ಯಸ್ಥರು. ಲೈಬ್ರರಿಗೆ ಆಗ ಪುಸ್ತಕ ಎಣಿಸುವ ನೆಪದಲ್ಲಿ ಬೀಗ ಬಿದ್ದು ಎರಡು ವಾರವಾಗಿತ್ತು. ಅದನ್ನು ಹೇಳಿದೆ. ಅವರು ನನ್ನ ಕಡೆ ನೋಡಿ, “ನೀನು ನಿಧಾನದವಳಾ?” ಎಂದರು. ಅಲ್ಲ ಎಂದೆ. “ಮತ್ತೆ ನಿನಗೇನು?”

ಅಲ್ಲಿಗೆ ಒಳಗೊಳ್ಳುವಿಕೆ ಮುಗಿಯಿತು. ಸಮಯ 11.20.

ವಿಶೇಷ ತರಗತಿ ಬಂದ ಮೇಲೆ ದಿನದ ತರಗತಿ ಹಾಳಾಯಿತು. ಇವಳು ಎದ್ದು ಏನಾದರೂ ಕೇಳಿದರೆ ಲೆಕ್ಚರರು, “ಅದನ್ನ ಸಂಜೆ ಕ್ಲಾಸಲ್ಲಿ ಕೇಳಮ್ಮ, ಮಿಕ್ಕೋರ ಟೈಮ್ ಹಾಳಾಗುತ್ತೆ” ಎನ್ನುತ್ತಿದ್ದರು. ಆ ಮಾತನ್ನು ಅವಳಿಗೆ ಹದಿನಾಲ್ಕು ಸಲ ಹೇಳಿದ್ದಾರೆ, ಪಟ್ಟಿಯ ಮಿಕ್ಕವರಿಗೆ ಹದಿನೇಳು ಸಲ. ನವೆಂಬರ್ ಹೊತ್ತಿಗೆ ಹಿಂದಿನ ಮೂರು ಬೆಂಚಿನಲ್ಲಿ ಯಾರೂ ಕೈ ಎತ್ತುತ್ತಿರಲಿಲ್ಲ. ಅದನ್ನು ಸಿಬ್ಬಂದಿ ಸಭೆಯಲ್ಲಿ ‘ಸುಧಾರಣೆ’ ಎಂದು ಹೇಳಿದರಂತೆ.

ನನ್ನ ಗೌರಿಬಿದನೂರು ಬಸ್ಸು ಐದೂವರೆಗೆ. ಅಲ್ಲಿಯವರೆಗೆ ಕಾರಿಡಾರಿನ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದೆ. ಎದುರಿಗೇ ಆ ಮೂಲೆಯ ಕೋಣೆ. ಹಾಗಾಗಿ ನನಗೆ ಯಾವ ಶ್ರಮವೂ ಇಲ್ಲದೆ ಗೊತ್ತಾದದ್ದೇನೆಂದರೆ, ವಿಶೇಷ ತರಗತಿ ಇರಬೇಕಾಗಿದ್ದ ಇಪ್ಪತ್ತು ಸಂಜೆಗಳಲ್ಲಿ ಬಾಗಿಲು ತೆರೆದದ್ದು ಆರು. ಹದಿನಾಲ್ಕು ಸಂಜೆ ಬೀಗ. ಪಟ್ಟಿಯಲ್ಲಿದ್ದ ಹಾಸ್ಟೆಲಿನ ಎಂಟು ಜನ ಬಂದು, ಬೀಗ ಅಲ್ಲಾಡಿಸಿ, ಕ್ಯಾಂಟೀನಿಗೆ ಹೋಗುತ್ತಿದ್ದರು.

ಅಕ್ಟೋಬರ್ 22ರಂದು ಲೆಕ್ಚರರು ಕೈತುಂಬ ಫೈಲು ಹಿಡಿದು ಅದೇ ಬಾಗಿಲ ಮುಂದೆ ಹಾದುಹೋದರು.

“ಇವತ್ತು ಕ್ಲಾಸ್ ಇಲ್ವಾ ಸಾರ್?”

“ಎಲ್ಲಮ್ಮಾ. ವಿಶೇಷ ತರಗತಿ ವರದಿ ನಾಳೇನೇ ಕೊಡ್ಬೇಕಂತೆ. ಬರೀತಾ ಕೂತಿದೀನಿ.”

ಆ ಮನುಷ್ಯ ತಮಾಷೆ ಮಾಡುತ್ತಿರಲಿಲ್ಲ. ಅವರಿಗೆ ಎರಡು ಸೆಕ್ಷನ್ನಿನ ಪಾಠ, ಮೇಲೆ ಫೈಲಿನ ಕೆಲಸ. ಪಾಠ ಮಾಡದಿದ್ದರೆ ಕೇಳುವವರಿಲ್ಲ, ಪಾಠ ಮಾಡಿದ ವರದಿ ಇಲ್ಲದಿದ್ದರೆ ಕೇಳುತ್ತಾರೆ. ಇಪ್ಪತ್ತೆಂಟೋ ಮೂವತ್ತೋ ವಯಸ್ಸಿನ ಒಬ್ಬ ಬುದ್ಧಿವಂತ ಇದನ್ನು ತಲೆ ತಗ್ಗಿಸಿ ಮಾಡುತ್ತಿದ್ದನಲ್ಲ, ಅದಕ್ಕೇ ಅವರ ಮೇಲೆ ನನಗೆ ಇವತ್ತಿಗೂ ಮರುಕ ಬರುವುದಿಲ್ಲ.

ಬಾಗಿಲು ತೆರೆದ ಆರು ಸಂಜೆಗಳಲ್ಲಿ ಒಂದು ನವೆಂಬರ್ 5. ಅವತ್ತು ವರದಿಗೆ ಫೋಟೊ ಬೇಕಾಗಿತ್ತು. ಎಂಟೇ ಜನ ಬಂದಿದ್ದರು. ಲೆಕ್ಚರರು ಕಾರಿಡಾರಿಗೆ ಬಂದು, ಬಸ್ಸಿಗೆ ಕಾಯುತ್ತಿದ್ದ ನಾಲ್ಕೈದು ಹುಡುಗಿಯರನ್ನು, “ಏಯ್, ನೀವೆಲ್ಲಾ ಬನ್ರಮ್ಮ, ಬೆಂಚು ತುಂಬ್ಬೇಕು” ಎಂದು ಕರೆದರು.

“ಸಾರ್, ನಾವು ವೇಗದವ್ರು.”

“ಹಂಗಾದ್ರೆ ವೇಗವಾಗಿ ಬಂದು ಕೂತ್ಕೊಳ್ಳಿ.”

ಹೋದೆ. ಎರಡನೇ ಬೆಂಚಿನಲ್ಲಿ ಕೂತು ಖಾಲಿ ಹಾಳೆ ತೆರೆದುಕೊಂಡೆ. ಹಿಂದಿನಿಂದ ಒಬ್ಬ, “ಸ್ವಲ್ಪ ದಡ್ಡರ ಥರ ಮುಖ ಮಾಡ್ರೋ” ಎಂದ, ಎಲ್ಲರೂ ನಕ್ಕೆವು. ಆ ನಗುವೇ ಫೋಟೊದಲ್ಲಿ ಬಂದಿದೆ. ಅದನ್ನು ಈಗಲೂ ಕಾಲೇಜಿನ ಮುಂಭಾಗದಲ್ಲಿ ಹಾಕಿದ್ದಾರೆ, ಕೆಳಗೆ ‘ಸಂತಸದ ಕಲಿಕೆ’ ಎಂದು ಬರೆದಿದೆ. ಒಟ್ಟು ಆರು ನಿಮಿಷ. ನಂತರ ಬೀಗ.

ಡಿಸೆಂಬರ್ 9, ಬೆಳಿಗ್ಗೆ 9.15. ಹಾಜರಾತಿ ಕಡಿಮೆ ಇರುವವರ ಪಟ್ಟಿ ಬಂತು. ಶೇಕಡಾ ಎಂಬತ್ತೈದು ಇಲ್ಲದಿದ್ದರೆ ಆ ವಿಷಯದ ಪರೀಕ್ಷೆಗೆ ಕೂರಿಸುವುದಿಲ್ಲ. ಗಣಿತದಲ್ಲಿ ಹತ್ತೊಂಬತ್ತು ಜನ. ಇಪ್ಪತ್ತೇಳರಲ್ಲಿ ಹಾಸ್ಟೆಲಿನ ಎಂಟು ಕಳೆದರೆ ಹತ್ತೊಂಬತ್ತು. ಇವಳೂ ಇದ್ದಳು.

ಇವಳು ಗಣಿತದ ಐವತ್ತೆರಡು ತರಗತಿಗಳಲ್ಲಿ ನಲವತ್ತೆಂಟಕ್ಕೆ ಬಂದಿದ್ದಳು. ಶೇಕಡಾ ತೊಂಬತ್ತೆರಡು. ಆಫೀಸಿನವರು ಅದಕ್ಕೆ ಇಪ್ಪತ್ತು ವಿಶೇಷ ತರಗತಿಯನ್ನೂ ಕೂಡಿಸಿದ್ದರು. ಎಪ್ಪತ್ತೆರಡಕ್ಕೆ ನಲವತ್ತೆಂಟು, ಅರವತ್ತಾರು ಚಿಲ್ಲರೆ. ಸಹಾಯ ಮಾಡಲೆಂದು ಇಟ್ಟ ತರಗತಿ ಇಲ್ಲದೇ ಹೋಗಿದ್ದರೆ ಇವಳಿಗೆ ಸಹಾಯವೇ ಬೇಕಾಗುತ್ತಿರಲಿಲ್ಲ.

ಅವಳು ಅಳಲಿಲ್ಲ. ಬೆರಳಿನಿಂದ ತನ್ನ ಹೆಸರನ್ನು ಎರಡು ಸಲ ಮುಟ್ಟಿದಳು. “ಬರೆದು ಫೇಲಾದ್ರೆ ಅಪ್ಪಂಗೆ ಹೇಳ್ಬೋದು ಕಣೇ. ಬರ್ಯಕ್ಕೇ ಬಿಡ್ಲಿಲ್ಲ ಅಂದ್ರೆ ಕ್ಲಾಸಿಗೇ ಹೋಗ್ತಿರ್ಲಿಲ್ಲ ಅಂತ ತಿಳ್ಕೊತಾರೆ. ಆಮೇಲೆ ಮನೇಲಿ ಕೂತು ಹಿಪ್ಪುನೇರಳೆ ಸೊಪ್ಪು ಕೊಯ್ಯೋದೇ.” ಅವಳ ಅಪ್ಪ ಜೋರು ಮಾಡುವವರಲ್ಲ. ಆದರೆ ಒಂದು ಸಲ ಸುಳ್ಳು ಸಿಕ್ಕಿದರೆ ಆ ವಿಷಯವನ್ನು ಅಲ್ಲಿಗೇ ಬಿಡುವವರು. ಅವಳ ಅಣ್ಣನ ಓದು ಹಾಗೇ ನಿಂತಿತ್ತು.

ನಾನು ಪುಸ್ತಕ ತೆಗೆದುಕೊಂಡು ಅವಳ ಜೊತೆ ಮುಖ್ಯಸ್ಥರ ಕೋಣೆಗೆ ಹೋದೆ. ಇಪ್ಪತ್ತು ದಿನಾಂಕ, ಆರು ತೆರೆದದ್ದು, ಹದಿನಾಲ್ಕು ಬೀಗ. ನಡೆಯದ ತರಗತಿಗೆ ಗೈರುಹಾಜರಿ ಹೇಗೆ ಹಾಕುತ್ತೀರಿ ಎಂದು ಕೇಳಿದೆ. ಅವರು ಓದುತ್ತಾ ಹೋದಂತೆ ಮುಖ ಅರಳಿತು. ನಾಚುತ್ತಾರೆ ಎಂದುಕೊಂಡಿದ್ದ ನನಗೆ ಅರ್ಥವಾಗಲಿಲ್ಲ.

“ಇದ್ರಲ್ಲಿ ಎಲ್ಲಾ ದಿನಾನೂ ಇದ್ಯಾ? ರಜೆ ಬಂದಿದ್ದು, ಬಂದ್ ಆಗಿದ್ದು?”

“ಇದೆ ಸಾರ್. ರಜೆ ಬಿಟ್ಟು ಬರ್ದಿದೀನಿ.”

“ಭೇಷ್,” ಎಂದು ಅವರು ಲೆಕ್ಚರರನ್ನು ಕರೆಸಿದರು. ತಿಳಿದದ್ದು ಇಷ್ಟು: ಇಪ್ಪತ್ತು ತರಗತಿ ಆಯಿತು ಎಂದು ವರದಿ ಕೊಟ್ಟಿದ್ದರೇ ಹೊರತು, ಯಾವ ಯಾವ ದಿನ ಎಂದು ಯಾರೂ ಬರೆದಿಟ್ಟಿರಲಿಲ್ಲ. ತಪಾಸಣೆಯ ಸಮಿತಿ ಬರುವುದಿತ್ತು. ರಜಾದಿನದಲ್ಲಿ ಪಾಠ ಮಾಡಿದ ಹಾಗೆ ದಿನಾಂಕ ಬಿದ್ದರೆ ಸಿಕ್ಕಿಬೀಳುತ್ತಾರೆ. ಆ ಕಾಲೇಜಿನಲ್ಲಿ ನಂಬಬಹುದಾದ ಪಟ್ಟಿ ಇದ್ದದ್ದು ನನ್ನ ಹತ್ತಿರ ಒಂದೇ. ನಾನೇ ಅದನ್ನು ಒಯ್ದು ಮೇಜಿನ ಮೇಲೆ ಇಟ್ಟಿದ್ದೆ.

ಲೆಕ್ಚರರು ಇಪ್ಪತ್ತೂ ದಿನಾಂಕಗಳನ್ನು ಇಳಿಸಿಕೊಂಡರು. ‘ಬೀಗ’ ಎಂದು ಬರೆದಲ್ಲಿ ಪ್ರತಿ ಸಲವೂ ಒಂದು ಕ್ಷಣ ಪೆನ್ನು ನಿಲ್ಲಿಸಿ, ಮುಂದೆ ಹೋದರು.

“ಸಮಸ್ಯೆ ಬಗೆಹರೀತಲ್ಲಮ್ಮ,” ಎಂದರು ಮುಖ್ಯಸ್ಥರು ಇವಳಿಗೆ. “ಹತ್ತೊಂಬತ್ತು ಜನಾನೂ ಬಂದು ಸಹಿ ಹಾಕ್ಬಿಡಿ. ಒಂದೇ ಪೆನ್ನಲ್ಲಿ ಹಾಕ್ಬೇಡಿ, ಬದಲಾಯಿಸ್ಕೊಳ್ಳಿ.”

ಮೂಲೆಯ ಕೋಣೆಯ ಬಾಗಿಲು ಅವತ್ತು ಮಧ್ಯಾಹ್ನ ಊಟದ ಹೊತ್ತಿನಲ್ಲಿ ತೆರೆಯಿತು. ಊಟದ ಹೊತ್ತಿನಲ್ಲಿ ಅದನ್ನು ತೆರೆಯಲು ಸಾಧ್ಯ ಎಂದು ಗೊತ್ತಾದದ್ದೂ ಅವತ್ತೇ. ಹತ್ತೊಂಬತ್ತು ಜನ ಸಾಲಾಗಿ ಕೂತು, ನೀಲಿ ಪೆನ್ನು, ಕಪ್ಪು ಪೆನ್ನು ಕೈಯಿಂದ ಕೈಗೆ ದಾಟಿಸುತ್ತಾ, ಇಪ್ಪತ್ತು ಇಪ್ಪತ್ತು ಸಹಿ ಹಾಕಿದರು.

“ಹಾಕ್ಬೇಡ ಕಣೇ,” ಎಂದೆ ನಾನು ಅವಳಿಗೆ. “ಪಾಠ ಆಗೇ ಇಲ್ಲ ಅಂತ ಮೇಲಕ್ಕೆ ಬರ್ಯಣ.”

“ನೀನು ಬರಿ. ನೀನು ಹೆಂಗೂ ಪರೀಕ್ಷೆ ಬರೀತೀಯ,” ಎಂದಳು. ತಲೆ ಎತ್ತಲಿಲ್ಲ. “ಮೂರು ತಿಂಗ್ಳು ಬೀಗ ಎಣಿಸ್ತಾ ಕೂತಿದ್ಯಲ್ಲಮ್ಮ, ಬಸ್ ಬರೋಕ್ ಮುಂಚೆ ನಂಗೊಂದ್ ಲೆಕ್ಕ ಹೇಳ್ಕೊಡ್ಬೋದಿತ್ತು.”

ನಾಲ್ಕು ಗಂಟೆಗೆ ತರಗತಿ ಬಿಟ್ಟರೆ ಅವಳ ಬಸ್ಸಿಗೆ ಇಪ್ಪತ್ತೈದು ನಿಮಿಷ. ಲೆಕ್ಕ ಹಾಕಿ ನೋಡಿದ್ದೇನೆ. ಇಡೀ ಸೆಮಿಸ್ಟರಿನಲ್ಲಿ ಮೂವತ್ತು ಗಂಟೆಗೂ ಮೇಲಾಗುತ್ತದೆ. ಮುಖ್ಯಸ್ಥರನ್ನು ಬೈಯುವಷ್ಟು ಸಲೀಸಾಗಿ ಈ ಅಂಕಿಯನ್ನು ಬರೆಯಲು ನನಗೆ ಆಗುವುದಿಲ್ಲ, ಆದರೂ ಬರೆದಿದ್ದೇನೆ.

ಅವಳ ಹಾಜರಾತಿ ಶೇಕಡಾ ತೊಂಬತ್ನಾಲ್ಕು ಆಯಿತು. ಜನವರಿಯಲ್ಲಿ ಪರೀಕ್ಷೆ ಬರೆದಳು. ಸಮಿತಿ ಬಂದು ವಿಶೇಷ ತರಗತಿಯ ಫೈಲನ್ನು ಮೆಚ್ಚಿಕೊಂಡು, ಮಸಾಲೆ ದೋಸೆ ತಿಂದು ಹೋಯಿತು. ಫಲಿತಾಂಶ ಬಂದಾಗ ಅವಳು ಗಣಿತದಲ್ಲಿ ನಾಲ್ಕು ಅಂಕದಿಂದ ಫೇಲಾಗಿದ್ದಳು. ‘ಸಂಜೆ ಕೇಳು’ ಎಂದು ಬಿಟ್ಟ ಭಾಗದಿಂದಲೇ ಎರಡು ದೊಡ್ಡ ಪ್ರಶ್ನೆ ಬಂದಿದ್ದವು.

ಕಾಲೇಜು ಅವಳ ಮನೆಗೆ ಒಂದು ಪತ್ರ ಕಳಿಸಿತು. ಫೇಲಾದವರ ತಂದೆತಾಯಿಗೆ ತಿಳಿಸುವುದೂ ವಿದ್ಯಾರ್ಥಿ ಸಹಾಯ ಯೋಜನೆಯ ಒಂದು ಅಂಗ. ನಿಮ್ಮ ಮಗಳಿಗೆ ಇಪ್ಪತ್ತು ದಿನ ಸಂಜೆ ಐದೂಕಾಲರವರೆಗೆ ವಿಶೇಷ ತರಗತಿ ಮಾಡಿದರೂ ಪ್ರಗತಿ ಕಂಡಿಲ್ಲ ಎಂದು ಬರೆದು, ಸಹಿಯ ಹಾಳೆಗಳ ಜೆರಾಕ್ಸ್ ಲಗತ್ತಿಸಿದ್ದರು.

ಮಾರ್ಚ್ 3, ಮಧ್ಯಾಹ್ನ 1.30ಕ್ಕೆ ಅವಳ ಅಪ್ಪ ಆ ಪತ್ರ ಹಿಡಿದು ಚಿಕ್ಕಬಳ್ಳಾಪುರಕ್ಕೆ ಬಂದರು. ಕಾಲೇಜಿನ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ನಾವು ಮೂವರೂ ನಿಂತೆವು. ಅವರು ಮೊದಲು ಮಗಳನ್ನು ತೆಲುಗಿನಲ್ಲಿ ಏನೋ ಮೆಲ್ಲಗೆ ಕೇಳಿ, ಆಮೇಲೆ ನನ್ನ ಕಡೆ ತಿರುಗಿದರು.

“ನೀನ್ ಹೇಳಮ್ಮ. ಇವ್ಳು ದಿನಾ ಏಳಕ್ಕೆಲ್ಲಾ ಮನೇಗ್ ಬರ್ತಿದ್ಳು. ಇಲ್ಲಿ ಐದೂಕಾಲ್ವರ್ಗೂ ಇದ್ದೆ ಅಂತ ಸಹಿ ಹಾಕವ್ಳೆ. ಎರಡ್ರಲ್ಲಿ ಒಂದ್ ಸುಳ್ಳಲ್ವಾ?”

“ಸಹಿ ಸುಳ್ಳು ಅಂಕಲ್. ಕಾಲೇಜೋರೇ ಹಾಕ್ಸಿದ್ದು.” ನನ್ನ ಪುಸ್ತಕ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಹದಿನಾಲ್ಕು ಬೀಗವನ್ನೂ ಓದಿದರು.

“ಇದು ನೀನ್ ಬರ್ದಿರೋದು. ನೀನು ಇವಳ ಸ್ನೇಹಿತೆ,” ಎಂದರು. “ಅದು ಇವ್ಳೇ ಹಾಕಿರೋ ಸಹಿ. ನಾನು ಯಾವ್ದನ್ನ ನಂಬ್ಲಿ? ನೀವಿಬ್ರೂ ಬಿಟ್ಟು ಇನ್ನೊಬ್ರು ಯಾರಾದ್ರೂ ಹೇಳ್ಳಿ, ಆಮೇಲ್ ನೋಡಣ. ಅಲ್ಲೀವರ್ಗೂ ಮನೇಲಿರ್ಲಿ.”

ಅವಳು ಅವತ್ತು ನಾಲ್ಕೂ ಇಪ್ಪತ್ತೈದರವರೆಗೂ ಕಾಯಲಿಲ್ಲ, ಎರಡು ಗಂಟೆಯ ಬಸ್ಸಿಗೇ ಅಪ್ಪನ ಜೊತೆ ಹೋದಳು. ಸಹಿ ಹಾಕಿದ ಮಿಕ್ಕ ಹದಿನೆಂಟು ಜನರನ್ನೂ ಕೇಳಿದೆ. ಹದಿನೆಂಟೂ ಜನ ಪಾಠ ಚೆನ್ನಾಗಿ ನಡೆಯಿತು ಎಂದರು. ಹಾಸ್ಟೆಲಿನ ಎಂಟು ಜನ ನೆನಪಿಲ್ಲ ಎಂದರು. ಲೆಕ್ಚರರು ಬೇರೆ ಕಾಲೇಜಿಗೆ ಹೋಗಿದ್ದಾರೆ, ಫೋನು ಎತ್ತುವುದಿಲ್ಲ.

ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ, ಯಾವುದೇ ಮಂಗಳವಾರ ಅಥವಾ ಗುರುವಾರ ನಾಲ್ಕೂಕಾಲರ ನಂತರ ಆ ಕಾರಿಡಾರಿನಲ್ಲಿ ಹಾದುಹೋದವರು, ಕಸ ಗುಡಿಸಿದವರು, ನೀರಿನ ಫಿಲ್ಟರ್ ರಿಪೇರಿಗೆ ಬಂದವರು, ಯಾರೇ ಆಗಲಿ, ಆ ಬಾಗಿಲಿಗೆ ಬೀಗ ಇದ್ದದ್ದನ್ನು ಒಂದು ದಿನ ನೋಡಿದ್ದರೂ ದಯವಿಟ್ಟು ನನಗೆ ಬರೆಯಿರಿ. ಒಂದು ಸಾಲು ಸಾಕು, ಕನ್ನಡದಲ್ಲೇ ಇರಲಿ. ದಿನಾಂಕ ನೆನಪಿಲ್ಲದಿದ್ದರೆ ಅದು ನನ್ನ ಹತ್ತಿರ ಇದೆ.