ಕಾದಂಬರಿಯೊಳಗೆ ಹೋದ ನಮ್ಮ ಬಾವಿ

ಅರವತ್ತರ ದಶಕದ ಕೊನೆಗೆ ಗಂಡನಿಗೆ ರೈಲ್ವೆಯಲ್ಲಿ ಅಹಮದಾಬಾದಿಗೆ ವರ್ಗವಾಯಿತು. ಊರಂಚಿನ ವಟ್ವಾದಲ್ಲಿ ಬಾವಿಯಿದ್ದ ಮನೆ ಹಿಡಿದೆವು. ಧಾರವಾಡದಲ್ಲಿ ಕೊಡ ಹಿಡಿದು ಸಾಲಿನಲ್ಲಿ ನಿಂತು ರೋಸಿಹೋಗಿದ್ದ ನನಗೆ ಆ ಬಾವಿ ಕಂಡರೆ ಪ್ರಾಣ. ಪಕ್ಕದ ಮನೆಯ ಗುಜರಾತಿ ಮುದುಕಿಯೂ ಅದರ ನೀರನ್ನೇ ಒಯ್ಯುತ್ತಿದ್ದಳು.

ಭಾನುವಾರ ಸಂಜೆ ನವರಂಗಪುರದಲ್ಲಿ ಕನ್ನಡದ ಮನೆಗಳವರು ಸೇರುತ್ತಿದ್ದೆವು. ಉಪ್ಪಿಟ್ಟು ಮುಗಿದ ಮೇಲೆ ಹೊಸ ಕತೆ, ಕಾದಂಬರಿಗಳ ಓದು. ಕಂಠ ಚೆನ್ನಾಗಿದೆಯೆಂದು ಗಟ್ಟಿಯಾಗಿ ಓದುವ ಕೆಲಸ ನನಗೇ. ನಮ್ಮಲ್ಲೇ ಒಬ್ಬ ಕಾದಂಬರಿಕಾರರಿದ್ದರು. ಮೈಸೂರಿನ ಕಡೆಯವರು, ವಟ್ವಾದ ಬಣ್ಣದ ಕಾರ್ಖಾನೆಯಲ್ಲಿ ಕೆಮಿಸ್ಟ್. ಅವರ ಕತೆಗಳಲ್ಲಿ ಮನುಷ್ಯ ಹೊಳೆಯ ಕ್ಷಮೆ ಕೇಳುತ್ತಿದ್ದ, ಮರ ಕಡಿದವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಇಂಥವರಿರುವಾಗ ಹುಲ್ಲುಕಡ್ಡಿಗೂ ಅನ್ಯಾಯವಾಗದೆಂದು ನಂಬಿದ್ದೆ. ಎಂಥ ಪೆದ್ದಿ ನಾನು!

ಒಂದು ಬೆಳಿಗ್ಗೆ ಕೊಡದಲ್ಲಿ ಕೆಂಪು ನೀರು ಬಂತು. "ಪಾಣೀ ಬಗಡೀ ಗಯುಂ, ಬೇನ್!" ನೀರು ಕೆಟ್ಟಿತೆಂದು ಮುದುಕಿ ಹಣೆ ಚಚ್ಚಿಕೊಂಡಳು. ನಾನು ನೇರ ಕಾದಂಬರಿಕಾರರ ಮನೆಗೆ ಓಡಿದೆ. ಹೊಳೆಗಾಗಿ ಅತ್ತವರು ಬಾವಿಗಾಗಿ ಒಂದು ಮಾತಾಡರೇ?

"ಬಾವಿಗೆ ಗಾಯ ಆಗೇದ್ರಿ. ಕಟ್ಟಲಿಕ್ಕೆ ಅರಿವಿ ಎಲ್ಲಿಂದ ತರ್ಲಿ?" ಎಂದೆ. ಅವರ ಕಣ್ಣು ಒದ್ದೆಯಾಯಿತು.

ನೀರು ಕೆಡಿಸಿದ್ದು ಅವರ ಬಣ್ಣದ ಕಾರ್ಖಾನೆಯೇ ಎಂದು ಮರುದಿನ ಓಣಿಯವರೆಲ್ಲ ಅದರ ಬಾಗಿಲಿಗೆ ಹೋದೆವು. ನಮ್ಮ ಪರವಾಗಿ ಮಾತಾಡಲು ಅವರನ್ನೇ ಮುಂದೆ ಮಾಡಿದೆ. ಅವರು ಸಾಹೇಬರ ಪಕ್ಕ ನಿಂತು ಹಿಂದಿಯಲ್ಲಿ, "ಇದು ಮಣ್ಣಿನ ಗುಣ, ಕಾರ್ಖಾನೆಯದ್ದೇನೂ ಇಲ್ಲ," ಎಂದುಬಿಟ್ಟರು. ಕೆಮಿಸ್ಟೇ ಹೇಳಿದ ಮೇಲೆ ಯಾರು ಬಾಯಿ ತೆರೆಯುತ್ತಾರೆ? ಮನೆಯ ಮಾಲೀಕ ಬಾವಿಗೆ ಮಣ್ಣು ಹಾಕಿಸಿದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಮುಂದೊಂದು ಭಾನುವಾರ ಅವರ ಹೊಸ ಅಧ್ಯಾಯವನ್ನು ನನ್ನ ಕೈಗೆ ಕೊಟ್ಟರು. ಓದತೊಡಗಿದೆ. ಕೆಂಪು ನೀರು. ಹಣೆ ಚಚ್ಚಿಕೊಳ್ಳುವ ಮುದುಕಿ. ನಾಯಕಿ ಹೇಳುತ್ತಾಳೆ: "ಬಾವಿಗೆ ಗಾಯವಾಗಿದೆ. ಕಟ್ಟಲು ಬಟ್ಟೆ ಎಲ್ಲಿಂದ ತರಲಿ?"

ನಾನು ಓದು ನಿಲ್ಲಿಸಿದೆ. "ಇದು ನನ್ನ ಮಾತು. ಅವತ್ತು ನೀವು ಮಣ್ಣಿನ ಗುಣ ಅಂದ್ರಲ್ಲಾ?"

"ಅದು ನೌಕರಿ ಕಣ್ರೀ, ಇದು ಸಾಹಿತ್ಯ," ಎಂದು ಅವರು ನಕ್ಕರು. "ಮುಂದೆ ಓದಿ."

ಹಾಳೆಗಳನ್ನು ಚಾಪೆಯ ಮೇಲಿಟ್ಟೆ. ಉಳಿದದ್ದನ್ನು ಅವರೇ ಓದಿದರು. ಕಾದಂಬರಿಯಲ್ಲಿ ಬಾವಿ ತಿಳಿಯಾಗಿ ಊರೆಲ್ಲ ನೀರು ಕುಡಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಂದು ಬೆಳಿಗ್ಗೆಯಷ್ಟೇ ನನ್ನ ಜೊತೆ ಸ್ಟೇಷನ್ನಿನಿಂದ ಕುಡಿಯುವ ನೀರು ಹೊತ್ತು ತಂದಿದ್ದ ನನ್ನ ಗಂಡನೂ ತಟ್ಟಿದ.